ವ್ರತಗ್ರಹಣ ಮತ್ತು ಚಿಕಿತ್ಸೆಯ ಸಮ್ಮತಿ

ಭೋಗೋಪಭೋಗಗಳ ತ್ಯಾಗವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡು ಬಗೆಯಾಗಿ ಹೇಳಿರುವರು: ಕಾಲಮಿತಿಯುಳ್ಳದ್ದು ನಿಯಮ, ಯಾವಜ್ಜೀವವಾದದ್ದು ಯಮ. ನಿಯಮಕ್ಕೆಂದು ಕೈಮುಗಿದವನ ಮೇಲೆ ಯಮವನ್ನು ಹೊರಿಸಲಾಗದು. ಒಬ್ಬನ ವ್ರತವನ್ನು ಇನ್ನೊಬ್ಬನು ಸ್ವೀಕರಿಸಲೂ ಆಗದು.

ಚಿಕಿತ್ಸೆಯ ಸಮ್ಮತಿಗೂ ಇದೇ ನ್ಯಾಯ. ದೆಹಲಿಯಲ್ಲಿ ಮಹಿಳೆಯೊಬ್ಬರು ಲ್ಯಾಪರೋಸ್ಕೋಪಿ ತಪಾಸಣೆಗೆ ಮಾತ್ರ ಒಪ್ಪಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆಯಲಾಯಿತು. ತಪಾಸಣೆಗಿತ್ತ ಸಮ್ಮತಿ ಶಸ್ತ್ರಚಿಕಿತ್ಸೆಗೆ ಸಲ್ಲದು. ತುರ್ತಿಲ್ಲದಾಗ ಪ್ರಾಪ್ತವಯಸ್ಕ ರೋಗಿಯ ಬದಲು ತಾಯಿಯೂ ಒಪ್ಪಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿತು. ಮನಸ್ಸಿಗೂ ಇಂತಹ ರಕ್ಷಣೆಯುಂಟು: ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳನ್ನು ಬಲವಂತದಿಂದ ಮಾಡಕೂಡದೆಂದು 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ವಿಧಿಸಿತು.

ಆನೇಮಹಲಿನಿಂದ ಪತ್ನಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ, ಒಪ್ಪಿಗೆಯ ಕಾಗದವನ್ನು ಆಕೆಗೆ ಓದಿ ಹೇಳದೆ ನಾನೇ ಸಹಿ ಹಾಕಿದ್ದೆನು. “ನನ್ನನ್ನು ಒಂದು ಮಾತು ಕೇಳಬಹುದಿತ್ತು” ಎಂದಳು. ಅದು ಪ್ರೀತಿಯಿಂದಾದರೂ ಪ್ರಮಾದವೇ.

ಆದುದರಿಂದ ಸಹಿಗೆ ಮೊದಲು ರೋಗಿಯ ಎದುರಿನಲ್ಲಿಯೇ ಕೇಳಿರಿ: ಯಾವ ಚಿಕಿತ್ಸೆ, ಏಕೆ, ಅಪಾಯವೇನು, ಬೇರೆ ಮಾರ್ಗವುಂಟೆ, ಬೇಡವೆಂದರೆ ಏನಾದೀತು? ಉಪವಾಸವಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿರಿ. ಅರಿತು ಕೊಟ್ಟದ್ದೇ ಸಮ್ಮತಿ. ಅರಿತು ಹಿಡಿದದ್ದೇ ವ್ರತ.