ಅಮ್ಮನ ಟಿಕೆಟ್ ತೆಗೆಯುವ ಮುಂಚೆ

ನೋಡಪ್ಪಾ, ಅಮ್ಮನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆಸಿಕೊಳ್ಳುತ್ತಿದ್ದೀಯ, ಸಂತೋಷ. ಆದರೆ ಎಷ್ಟು ದೂರ, ಎಷ್ಟು ಗಂಟೆ ಅಂತ ಫೋನಿನಲ್ಲಿ ಹುಡುಕಿ, ಸಿಕ್ಕಿದ ಅಂಕಿಯನ್ನು ಅವಳಿಗೆ ಒಪ್ಪಿಸಿ ಕೈತೊಳೆದುಕೊಳ್ಳಬೇಡ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 14,000 ಕಿಲೋಮೀಟರ್ ಅನ್ನುವುದು ಭೂಗೋಳದ ಮೇಲೆ ದಾರ ಹಿಡಿದು ಅಳೆದ ಲೆಕ್ಕ. ಆ ದಾರ ಸೈಬೀರಿಯಾ ಹಾದು ಆರ್ಕ್ಟಿಕ್ ವೃತ್ತ ದಾಟುತ್ತದೆ. 2021ರ ಜನವರಿಯಲ್ಲಿ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಎಲ್ಲೂ ಇಳಿಯದೆ ನಮ್ಮ ಬೆಂಗಳೂರಿಗೆ ಬಂದರಲ್ಲ, ಅದಕ್ಕೇ ಸುಮಾರು 17 ಗಂಟೆ ಹಿಡಿಯಿತು.

ಎಲ್ಲಾದರೂ ವಿಮಾನ ಬದಲಿಸುವುದಾದರೆ ಲೆಕ್ಕವೇ ಬೇರೆ. ದುಬೈ ಮೇಲೆ ಹೋದರೆ ಗಾಳಿಯಲ್ಲೇ ಸುಮಾರು 20 ಗಂಟೆ, ಕಾಯುವ ಹೊತ್ತು ಅದರ ಮೇಲೆ. ಪೂರ್ವಕ್ಕೆ ತಿರುಗಿ ಸಿಂಗಪುರದ ಮೇಲೂ ಹೋಗಬಹುದು. ಪೆಸಿಫಿಕ್ ದಾಟುವಾಗ ಮೇಲಿನ ಬಿರುಗಾಳಿ ಬೆನ್ನಿಗೆ ಸಿಗುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದುರು ನಿಲ್ಲುವುದರಿಂದ ಗಂಟೆಗಟ್ಟಲೆ ಹೆಚ್ಚು ಹಿಡಿಯುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಸಿಂಗಪುರ ಬಿಟ್ಟವರು ಅದೇ ತಾರೀಕು, ಹೊರಟ ಹೊತ್ತಿಗೂ ಮುಂಚೆಯೇ ಇಳಿದರು ಅಂತ ಟಿಕೆಟ್ಟಿನಲ್ಲಿ ಕಂಡರೆ ಗಾಬರಿಯಾಗಬೇಡ. ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಒಂದರಿಂದ ಇನ್ನೊಂದು ಕಳೆಯಬೇಡ, ‘ಒಟ್ಟು ಪ್ರಯಾಣ’ ಅಂತ ಇರುತ್ತದಲ್ಲ, ಅದನ್ನೇ ನೋಡು.

ನಮ್ಮವರು ಎಡವುವುದು ಇನ್ನೊಂದು ಕಡೆ. ಬೆಂಗಳೂರಿನಿಂದ ಪರದೇಶದ ವಿಮಾನಗಳು ಬಹಳಷ್ಟು ಹೊರಡುವುದೇ ನಡುರಾತ್ರಿ ಕಳೆದ ಮೇಲೆ. ಟಿಕೆಟ್ಟಿನಲ್ಲಿ 12ನೇ ತಾರೀಕು 2 ಗಂಟೆ ಅಂತಿದ್ದರೆ, 11ರ ರಾತ್ರಿ ಊಟ ಮುಗಿಸಿ ದೇವನಹಳ್ಳಿ ದಾರಿ ಹಿಡಿಯಬೇಕು. 12ರ ರಾತ್ರಿ ಪೆಟ್ಟಿಗೆ ಎತ್ತಿಕೊಂಡು ಹೋದರೆ ವಿಮಾನ ಹೋಗಿ ಒಂದು ಹಗಲು ಕಳೆದಿರುತ್ತದೆ. ಇದನ್ನು ಕ್ಯಾಲೆಂಡರಿನಲ್ಲಿ 11ರ ಮನೆಗೇ ಬರೆಸು.

ನ್ಯೂಯಾರ್ಕಿನಲ್ಲೋ ಶಿಕಾಗೋದಲ್ಲೋ ವಿಮಾನ ಬದಲಿಸುವ ಟಿಕೆಟ್ ಅಗ್ಗ ಅಂತ ತೆಗೆಯಬೇಡ. ಅಮೆರಿಕದಲ್ಲಿ ಮೊದಲು ಕಾಲಿಟ್ಟ ಊರಿನಲ್ಲೇ ವಲಸೆ ಅಧಿಕಾರಿಯ ಸಾಲು, ಸಾಮಾನ್ಯವಾಗಿ ಅಲ್ಲೇ ಪೆಟ್ಟಿಗೆ ಇಳಿಸಿಕೊಂಡು ಮತ್ತೆ ಒಪ್ಪಿಸಬೇಕು. ನಡುವೆ ಸಿಗುವ ಒಂದೂವರೆ ಗಂಟೆ ಯಾವ ಮೂಲೆಗೆ? ಉಳಿಯುವ ದುಡ್ಡು ನನಗೂ ಗೊತ್ತು. ಒಬ್ಬಳೇ ಬರುತ್ತಿದ್ದಾಳೆ, ಅದನ್ನು ನೋಡು.

ಮಾತ್ರೆಗಳ ವಿಷಯ ಡಾಕ್ಟರನ್ನೇ ಕೇಳು. ನಿಮ್ಮೂರಿಗೂ ನಮಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ಮಾರ್ಚ್‌ನಿಂದ ನವೆಂಬರ್‌ವರೆಗೆ ನೀವು ಗಡಿಯಾರ ಮುಂದಿಡುವುದರಿಂದ ಹನ್ನೆರಡೂವರೆ. ಬೆಳಗಿನ ಸಕ್ಕರೆ ಮಾತ್ರೆ ಯಾವ ಬೆಳಗ್ಗೆ ನುಂಗಬೇಕು ಅಂತ ಅವಳಿಗೆ ಹೇಗೆ ತಿಳಿಯಬೇಕು? ಮಾತ್ರೆ, ಚೀಟಿ ಎರಡೂ ಕೈಚೀಲದಲ್ಲೇ ಇರಲಿ.

ಗಾಲಿಕುರ್ಚಿ ಬೇಕಾ ಅಂತ ಕೇಳಿದರೆ, ನನಗೇನಾಗಿದೆ ಅಂತ ರೇಗುತ್ತಾಳೆ. ಒಂದು ಗೇಟಿನಿಂದ ಇನ್ನೊಂದಕ್ಕೆ ಎಷ್ಟು ನಡೆಯಬೇಕು ಅಂತ ಅವಳಿಗೆ ಗೊತ್ತಿಲ್ಲ. ಕೇಳಲೇ ಬೇಡ, ಟಿಕೆಟ್ ಜೊತೆಗೇ ಹೇಳಿಬಿಡು. ಬೈಸಿಕೊಳ್ಳುವುದನ್ನು ಆಮೇಲೆ ನೋಡಿಕೊಳ್ಳೋಣ.