ಮುದ್ರೆಯ ಒಡೆತನ: ಒಪ್ಪಂದ ಮುಗಿದ ಮೇಲೆ

ವಿವಾಹಾದಿ ಉತ್ಸವಗಳಿಗಾಗಿ ಬೇಡಿ ತಂದ ವಸ್ತ್ರಾಭರಣಗಳಿಗೆ ಧರ್ಮಶಾಸ್ತ್ರದಲ್ಲಿ ‘ಯಾಚಿತ’ವೆಂದು ಹೆಸರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನವು ಈ ಶಬ್ದವನ್ನು ಹೀಗೆಯೇ ವಿವರಿಸುತ್ತದೆ. ತೊಟ್ಟವನು ಎಷ್ಟೇ ಶೋಭಿಸಲಿ, ಆಭರಣ ಅವನದಾಗದು. ಉತ್ಸವ ಮುಗಿದೊಡನೆ ಹಿಂದಿರುಗಿಸುವುದು ಅವನ ಧರ್ಮ. ಇಂದಿನ ವಾಣಿಜ್ಯದಲ್ಲಿ ‘ಫ್ರಾಂಚೈಸಿ’ ಎಂದು ಪ್ರಸಿದ್ಧವಾದ ವ್ಯವಸ್ಥೆಯ ತಿರುಳೂ ಇದೇ ಆಗಿದೆ.

ಫ್ರಾಂಚೈಸಿಯಲ್ಲಿ ಒಬ್ಬನ ಹೆಸರು, ಮುದ್ರೆ, ತಯಾರಿಕೆಯ ಕ್ರಮ ಇವನ್ನು ಮತ್ತೊಬ್ಬನು ಶುಲ್ಕ ತೆತ್ತು ಬಳಸುತ್ತಾನೆ. ಬಂಡವಾಳ ಇವನದು, ದುಡಿಮೆ ಇವನದು. ಫಲಕದ ಮೇಲಿನ ಹೆಸರು ಮಾತ್ರ ಅವನದು. ಇಪ್ಪತ್ತು ವರ್ಷ ಬೆವರು ಸುರಿಸಿ ಆ ಹೆಸರನ್ನು ಊರಿಗೆಲ್ಲ ಪರಿಚಯಿಸಿದವನಿಗೆ ಅದರಲ್ಲಿ ಪಾಲಿಲ್ಲವೆ? ಪ್ರಶ್ನೆ ಸಹಜವಾದುದು, ಕಾನೂನಿನ ಉತ್ತರವಾದರೋ ಕಠಿಣವಾದುದು. 1999ರ ಟ್ರೇಡ್ ಮಾರ್ಕ್ಸ್ ಅಧಿನಿಯಮದ 48ನೆಯ ಪ್ರಕರಣದಂತೆ, ಅನುಮತಿ ಪಡೆದವನು ಮಾಡಿದ ಬಳಕೆಯು ಒಡೆಯನೇ ಮಾಡಿದ ಬಳಕೆಯೆಂದು ಭಾವಿಸಲ್ಪಡುತ್ತದೆ. ಆದುದರಿಂದ ಬಳಕೆಯ ದೀರ್ಘತೆಯಿಂದ ಸ್ವಾಮ್ಯ ಹುಟ್ಟದು.

ಒಪ್ಪಂದ ಮುಗಿದೊಡನೆ ಫಲಕ, ರಸೀದಿ, ಹೊದಿಕೆ, ಜಾಹೀರಾತು ಇವುಗಳಿಂದ ಮುದ್ರೆಯನ್ನು ತೆಗೆಯತಕ್ಕದ್ದು. ತೆಗೆಯದಿದ್ದರೆ 29ನೆಯ ಪ್ರಕರಣದಂತೆ ಅದು ಹಕ್ಕಿನ ಉಲ್ಲಂಘನೆ. ಅಕ್ಷರವೊಂದನ್ನು ಬದಲಿಸಿ ಗ್ರಾಹಕನನ್ನು ಭ್ರಮೆಗೊಳಿಸುವ ಹೆಸರನ್ನು ಇಟ್ಟರೂ ದೋಷ ತಪ್ಪದು. ರಹಸ್ಯವಾಗಿ ತಿಳಿಸಿದ ಪಾಕಕ್ರಮವನ್ನೂ ಕೈಪಿಡಿಗಳನ್ನೂ ಒಪ್ಪಂದದಂತೆ ಹಿಂದಿರುಗಿಸಬೇಕು. ಆದರೆ ಒಡೆಯನ ಸಮ್ಮತಿಯಿಂದ ಮಾರುಕಟ್ಟೆಗೆ ಬಂದು, ನ್ಯಾಯವಾಗಿ ಕೊಂಡ ಅಸಲಿ ಸರಕನ್ನು ಮಾರುವುದು 30ನೆಯ ಪ್ರಕರಣದಂತೆ ಸಾಮಾನ್ಯವಾಗಿ ಉಲ್ಲಂಘನೆಯಲ್ಲ. ಉಳಿದ ದಾಸ್ತಾನನ್ನು ಯಾರು, ಯಾವ ಬೆಲೆಗೆ, ಎಷ್ಟು ದಿನದೊಳಗೆ ವಿಲೇವಾರಿ ಮಾಡತಕ್ಕದ್ದೆಂಬುದನ್ನು ಸಹಿಗೆ ಮುನ್ನವೇ ಬರೆಸಿಕೊಳ್ಳುವುದು ಜಾಣತನ.

ಹೆಸರನ್ನು ಬಿಟ್ಟವನು ಕಸುಬನ್ನೂ ಬಿಡಬೇಕೆ? ಇಲ್ಲಿ 1872ರ ಭಾರತೀಯ ಕರಾರು ಅಧಿನಿಯಮದ 27ನೆಯ ಪ್ರಕರಣ ಅವನ ನೆರವಿಗೆ ಬರುತ್ತದೆ. ನ್ಯಾಯಸಮ್ಮತವಾದ ವೃತ್ತಿಯನ್ನು ತಡೆಯುವ ಕರಾರು, ಆ ತಡೆಯ ಮಟ್ಟಿಗೆ, ಸಾಮಾನ್ಯವಾಗಿ ಶೂನ್ಯ. ಆದರೆ ಒಪ್ಪಂದ ಜೀವಂತವಾಗಿರುವಾಗಿನ ಮಾತು ಬೇರೆ. ಗೋಲ್ಡ್ ಸ್ಪಾಟ್, ಥಮ್ಸ್ ಅಪ್, ಲಿಮ್ಕಾ ಮೊದಲಾದ ಪಾನೀಯಗಳನ್ನು ಸೀಸೆಗೆ ತುಂಬುತ್ತಿದ್ದ ಗುಜರಾತ್ ಬಾಟ್ಲಿಂಗ್ ಕಂಪನಿಯ ಷೇರುಗಳು 1995ರಲ್ಲಿ ಪೆಪ್ಸಿ ಪಕ್ಷದ ಕೈಸೇರಿದವು. ತೊಂಬತ್ತು ದಿನಗಳ ನೋಟೀಸು ಸಾಕೆಂದು ಕಂಪನಿ ವಾದಿಸಿತು. ಒಂದು ವರ್ಷದ ನೋಟೀಸು ಬೇಕೆಂದು ಮುದ್ರೆಗಳ ಒಡೆಯನಾದ ಕೋಕಾ ಕೋಲಾ ಸಂಸ್ಥೆ ವಾದಿಸಿತು. ಒಪ್ಪಂದದ ಅವಧಿಯಲ್ಲಿ ಎದುರಾಳಿಯ ಸರಕನ್ನು ತಯಾರಿಸಬಾರದೆಂಬ ಷರತ್ತು ವ್ಯಾಪಾರ ನಿರ್ಬಂಧವಲ್ಲವೆಂದು ಅದೇ ವರ್ಷದ ಆಗಸ್ಟ್ 4ರಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿ, ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ನ್ಯಾಯ ಬೇಡುವವನ ನಡತೆಯೂ ಶುದ್ಧವಾಗಿರಬೇಕೆಂಬ ತತ್ತ್ವವನ್ನು ಕಂಪನಿಗೆ ನೆನಪಿಸಿತು.

ವ್ಯಾಪಾರಕ್ಕಿಳಿದಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇದನ್ನು ಮನಗಾಣಬೇಕು. ಒಪ್ಪಂದದ ಮೊದಲ ಪುಟಕ್ಕಿಂತ ಮುಕ್ತಾಯದ ಪುಟವನ್ನು ಎರಡು ಬಾರಿ ಓದಿರಿ. ಎರವಲು ಹೆಸರಿನ ನೆರಳಿನಲ್ಲಿ ದುಡಿಯುವಾಗಲೇ ತನ್ನ ಸ್ವಂತ ನಡತೆಗೆ, ತೂಕಕ್ಕೆ, ಮಾತಿಗೆ ಊರಿನ ವಿಶ್ವಾಸವನ್ನು ಗಳಿಸಿಕೊಂಡವನು, ಫಲಕ ಇಳಿದ ಮಾರನೆಯ ದಿನವೂ ಅಂಗಡಿಯ ಬಾಗಿಲನ್ನು ತೆರೆಯಬಲ್ಲನು.