ಕಾಂಪೌಂಡಿನೊಳಗಿನ ರಜೆ ಎಷ್ಟು ಸುರಕ್ಷಿತ?

ಪ್ರಶ್ನೆ: ಕೊರೊನಾ ಕಾಲದಲ್ಲಿ ಗೋವಾದ ಕೆಲವು ರಿಸಾರ್ಟ್‌ಗಳಲ್ಲಿ ಊಟ, ತಿಂಡಿ, ಪಾನೀಯ, ಆಟ ಎಲ್ಲ ಸೇರಿ ಒಂದೇ ಪ್ಯಾಕೇಜ್ ಸಿಗುತ್ತಿತ್ತು. ಹೊರಗೆ ಕಾಲಿಡದೆ ಅಲ್ಲೇ ಇದ್ದುಬಿಟ್ಟರೆ ಸೋಂಕಿನ ಭಯವಿಲ್ಲ ಎಂದು ನಮ್ಮ ಬಂಧುಗಳು ಹೋಗಿಬಂದರು. ಅದು ನಿಜಕ್ಕೂ ಸುರಕ್ಷಿತವಾಗಿತ್ತೇ? ಮತ್ತೆ ಅಂಥ ಪಿಡುಗು ಬಂದರೆ ಹೋಗಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬಾಗಾ ಬೀಚಿನ ಕಿಕ್ಕಿರಿದ ಬಾರಿಗೆ ಹೋಲಿಸಿದರೆ ನಿಮ್ಮ ಬಂಧುಗಳು ಆರಿಸಿಕೊಂಡದ್ದು ಖಂಡಿತ ಮೇಲು. ಕಿಟಕಿ ತೆರೆದರೆ ಕಡಲ ಗಾಳಿ, ಬಯಲಲ್ಲಿ ಊಟ, ಸುತ್ತ ಜನ ಕಡಿಮೆ. ಗಾಳಿಯಲ್ಲಿ ಹರಡುವ ರೋಗಕ್ಕೆ ಇದಕ್ಕಿಂತ ಒಳ್ಳೆಯ ತಡೆ ಬೇರೆಲ್ಲಿ ಸಿಕ್ಕೀತು? ಆದರೆ ಹೊರಗೆ ಕಾಲಿಡದಿದ್ದರೆ ಭಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅತಿಥಿ ಹೊರಗೆ ಹೋಗದೆ ಇರಬಹುದು. ಅವರಿಗೆ ಅಡುಗೆ ಮಾಡುವವರು, ಹಾಸಿಗೆ ಬದಲಿಸುವವರು, ತರಕಾರಿ ಇಳಿಸುವವರು ಎಲ್ಲಿಂದ ಬರುತ್ತಾರೆ, ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದನ್ನು ಯಾರೂ ಕೇಳುವುದಿಲ್ಲ. ನಿಮ್ಮ ಪ್ರಶ್ನೆಯ ಉತ್ತರವಿರುವುದು ಅಲ್ಲೇ.

ಇದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿ ಸಿಕ್ಕಿದ್ದು ಒಂದು ಹಡಗಿನಲ್ಲಿ. ವಿಲಾಸಿ ಹಡಗು ಎಂದರೆ ತೇಲುವ ಆಲ್-ಇನ್‌ಕ್ಲೂಸಿವ್ ರಿಸಾರ್ಟೇ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕ್ವಾರಂಟೈನ್ ಮಾಡಿದರು. ಅದರಲ್ಲಿದ್ದ 3,711 ಜನರಲ್ಲಿ ಕೊನೆಗೆ 712 ಮಂದಿಗೆ ಸೋಂಕು ತಗುಲಿತು. ಪ್ರಯಾಣಿಕರು ತಮ್ಮ ತಮ್ಮ ಕ್ಯಾಬಿನ್ನಿನಲ್ಲೇ ಉಳಿದರು. ಸಿಬ್ಬಂದಿಗೆ ಆ ಅವಕಾಶವಿರಲಿಲ್ಲ, ಅವರು ಬಾಗಿಲು ಬಾಗಿಲಿಗೆ ಊಟ ತಲುಪಿಸುತ್ತಲೇ ಇದ್ದರು. ಸಿಬ್ಬಂದಿಯಲ್ಲಿ ಮೊದಲು ಪತ್ತೆಯಾದ 20 ಸೋಂಕಿತರ ಪೈಕಿ 15 ಮಂದಿ ಊಟದ ವಿಭಾಗದವರು. ಆ 20ರಲ್ಲಿ 16 ಮಂದಿ ಇದ್ದದ್ದು ಮೂರನೇ ಡೆಕ್ಕಿನಲ್ಲಿ, ಅಂದರೆ ಊಟದ ವಿಭಾಗದವರಿಗೆ ಕೊಟ್ಟಿದ್ದ ಅಂತಸ್ತಿನಲ್ಲಿ. ಹಡಗಿನ ಒಟ್ಟು ಸಿಬ್ಬಂದಿಯಲ್ಲಿ ನೂರಕ್ಕೂ ಹೆಚ್ಚು ಭಾರತೀಯರಿದ್ದರು.

ಅದೇ ತಿಂಗಳು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಇಟಲಿಯ ವೈದ್ಯರೊಬ್ಬರಿಗೆ ಸೋಂಕು ಕಂಡು, ಅವರಿದ್ದ ಹೋಟೆಲನ್ನು ನೂರಾರು ಅತಿಥಿಗಳ ಸಮೇತ ಎರಡು ವಾರ ಮುಚ್ಚಿದ್ದರು. ಅಲ್ಲಿ ಸೋಂಕಿತರು ಬೆರಳೆಣಿಕೆಯಷ್ಟೇ. ಹಾಗಾಗಿ ಒಂದೇ ಕಡೆ ಇರುವುದೇ ಅಪಾಯ ಎಂದೂ ಹೇಳಲಾಗದು.

ಇನ್ನು ಗೋವಾಕ್ಕೆ ಬರೋಣ. 2020ರ ಏಪ್ರಿಲ್ 19ರ ಹೊತ್ತಿಗೆ ಅಲ್ಲಿನ ಮೊದಲ ಏಳು ಸೋಂಕಿತರೂ ಗುಣವಾಗಿ, ರಾಜ್ಯ ಸೊನ್ನೆ ಪ್ರಕರಣಕ್ಕೆ ಇಳಿದಿತ್ತು. ಮೇ ಮಧ್ಯದಲ್ಲಿ ಹೊರಗಿನಿಂದ ಬಂದವರಲ್ಲಿ ಸೋಂಕು ಮತ್ತೆ ಕಂಡಿತು. ಜೂನ್ ಆರಂಭದಲ್ಲಿ ವಾಸ್ಕೋದ ಮಾಂಗೋರ್ ಹಿಲ್ ಗೋವಾದ ಮೊದಲ ಕಂಟೈನ್‌ಮೆಂಟ್ ವಲಯವಾಯಿತು. ಒತ್ತೊತ್ತಾದ ಮನೆಗಳ ಬಡಾವಣೆ ಅದು. ಜುಲೈ 2ರಂದು ಗೋವಾ ಪ್ರವಾಸಿಗರಿಗೆ ಬಾಗಿಲು ತೆರೆಯಿತು. ಸರ್ಕಾರ ಒಪ್ಪಿಗೆ ಕೊಟ್ಟ ಸುಮಾರು 250 ಹೋಟೆಲುಗಳಲ್ಲಿ ಮಾತ್ರ, ಮುಂಗಡ ಬುಕಿಂಗ್ ಇದ್ದವರಿಗೆ ಮಾತ್ರ ಪ್ರವೇಶ. 48 ಗಂಟೆಯೊಳಗಿನ ನೆಗೆಟಿವ್ ವರದಿ ತರಬೇಕು, ಇಲ್ಲವೇ ಅಲ್ಲೇ ಪರೀಕ್ಷೆ ಮಾಡಿಸಿಕೊಂಡು ಫಲಿತಾಂಶ ಬರುವವರೆಗೆ ಕೋಣೆ ಬಿಟ್ಟು ಹೊರಬರಬಾರದು. ಸೆಪ್ಟೆಂಬರ್ 1ರಿಂದ ಆ ಷರತ್ತೂ ಹೋಯಿತು, ಬಾರುಗಳೂ ತೆರೆದವು.

ಹೋಟೆಲುಗಳಿಗೆ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ನಿಯಮಾವಳಿಯನ್ನು ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಬಾಗಿಲಲ್ಲಿ ಜ್ವರ ನೋಡಬೇಕು, ಲಗೇಜಿಗೆ ಸೋಂಕುನಿವಾರಕ ಹಾಕಬೇಕು, ಎಸಿ 24ರಿಂದ 30 ಡಿಗ್ರಿಯೊಳಗಿರಬೇಕು, ತೇವಾಂಶ ಶೇ 40ರಿಂದ 70 ಇರಬೇಕು, ಹೊರಗಿನ ಗಾಳಿ ಆದಷ್ಟು ಒಳಬರಬೇಕು. ಇವುಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು. ಆದರೆ ಅತಿಥಿಯ ಕಣ್ಣಿಗೆ ಬೀಳುತ್ತಿದ್ದದ್ದು ಲಗೇಜಿನ ಮೇಲಿನ ಸ್ಪ್ರೇ, ಕೋಣೆ ಶುಚಿಯಾಗಿದೆ ಎಂದು ಬಾಗಿಲಿಗೆ ಅಂಟಿಸಿದ ಸೀಲು. ಬಫೆಯಲ್ಲಿ ಗಾಜಿನ ಹಿಂದೆ ಗ್ಲೌಸು, ಮಾಸ್ಕು, ಮುಖಕ್ಕೆ ಪ್ಲಾಸ್ಟಿಕ್ ಪರದೆ ತೊಟ್ಟ ಹುಡುಗ ನಿಂತು ಪಲ್ಯ ಬಡಿಸುತ್ತಿದ್ದ. ಎಲ್ಲರೂ ಒಂದೇ ಸೌಟು ಮುಟ್ಟುವುದು ತಪ್ಪಿತು, ನಿಜ. ಆದರೆ ತಟ್ಟೆ ಹಿಡಿದು ಮಾಸ್ಕು ಕೆಳಗಿಳಿಸಿ ಸಾಲಿನಲ್ಲಿ ನಿಂತವರೆಲ್ಲ ಅದೇ ಹುಡುಗನ ಮುಂದೆ ಹಾದುಹೋಗುತ್ತಿದ್ದರು. ಅಪಾಯ ಹೆಚ್ಚು ಇದ್ದದ್ದು ಅವನಿಗೆ. ಎಲ್ಲ ಸೇರಿ ಒಂದೇ ಪ್ಯಾಕೇಜ್ ಎಂಬ ಈ ಪದ್ಧತಿಯ ಮೂಲದಲ್ಲೇ ಜನ ಸೇರಿಸುವ ಆಸೆಯಿದೆ. 1950ರಲ್ಲಿ ಮಯೋರ್ಕಾ ದ್ವೀಪದ ಅಲ್ಕುದಿಯಾದಲ್ಲಿ ಕ್ಲಬ್ ಮೆಡ್ ಗುಡಾರ ಹಾಕಿ ಇದನ್ನು ಆರಂಭಿಸಿದಾಗ, ಅಪರಿಚಿತರೂ ಒಟ್ಟಿಗೆ ಕೂತು ಉಣ್ಣುವುದೇ ಅದರ ಸೊಗಸಾಗಿತ್ತು.

ಬಫೆಯಲ್ಲಿ ಬಡಿಸುತ್ತಿದ್ದ ಆ ಹುಡುಗ ನಮ್ಮವನೇ ಇರಬಹುದು. ಗೋವಾದಲ್ಲಿ ದುಡಿಯುವವರಲ್ಲಿ ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರ ಕಡೆಯವರು ಬಹಳ. ವಾಸ್ಕೋದ ಬೈನಾ, ಜುವಾರಿ ನಗರದ ಓಣಿಗಳಲ್ಲಿ ಕನ್ನಡ ಸಲೀಸಾಗಿ ಕಿವಿಗೆ ಬೀಳುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕಾರು ಜನ ಮಲಗಿ, ಒಂದೇ ನಳಕ್ಕೆ ಕಾಯುವವರಿಗೆ ಆರಡಿ ಅಂತರ ಎಲ್ಲಿಂದ ಬರಬೇಕು? ಲಾಕ್‌ಡೌನ್ ಆದಾಗ ಕೆಲಸ ಕಳೆದುಕೊಂಡು ಊರಿಗೆ ಹೊರಟವರೂ ಇವರೇ, ಗಡಿಯಲ್ಲಿ ಸಿಕ್ಕಿಹಾಕಿಕೊಂಡವರೂ ಇವರೇ. ಕಡಲತೀರದಲ್ಲಿ ಕವಡೆಯ ಕಸೂತಿ, ಸರ ಮಾರುವ ಲಂಬಾಣಿ ಹೆಂಗಸರಿಗಂತೂ ಅತಿಥಿ ಕಾಂಪೌಂಡಿನಾಚೆ ಬರದಿದ್ದರೆ ಅಂದಿನ ವ್ಯಾಪಾರವೇ ಇಲ್ಲ.

2021ರ ಏಪ್ರಿಲ್ ಕೊನೆಗೆ ಗೋವಾದಲ್ಲಿ ಪರೀಕ್ಷೆ ಮಾಡಿಸಿಕೊಂಡ ಇಬ್ಬರಲ್ಲಿ ಒಬ್ಬರಿಗೆ ಸೋಂಕು ಪತ್ತೆಯಾಗುತ್ತಿತ್ತು. ಬಾಂಬೋಲಿಯ ಗೋವಾ ವೈದ್ಯಕೀಯ ಕಾಲೇಜಿನಲ್ಲಿ ಆಮ್ಲಜನಕದ ಪೂರೈಕೆ ಬೆಳಗಿನ ಜಾವ ಕುಸಿಯುತ್ತಿತ್ತು. ಮೇ 11ರ ನಸುಕಿನ 2ರಿಂದ 6 ಗಂಟೆಯೊಳಗೆ 26 ರೋಗಿಗಳು ತೀರಿಕೊಂಡರು ಎಂದು ರಾಜ್ಯದ ಆರೋಗ್ಯ ಸಚಿವರೇ ಹೇಳಿದರು. ಬಾಂಬೆ ಹೈಕೋರ್ಟಿನ ಗೋವಾ ಪೀಠ ಮಧ್ಯೆ ಪ್ರವೇಶಿಸಿತು. ಹೊರಗಿನಿಂದ ಬರುವವರಿಗೆ ನೆಗೆಟಿವ್ ವರದಿ ಕಡ್ಡಾಯವಾದದ್ದೂ ಆಗಲೇ, ಅದೇ ಕೋರ್ಟಿನ ಆದೇಶದಿಂದ. ರಿಸಾರ್ಟಿನಲ್ಲಿ ಉಸಿರು ಕಟ್ಟಿದ ಅತಿಥಿಗೂ, ಬೈನಾದ ಕೂಲಿಯವನಿಗೂ ಕೊನೆಗೆ ಬೇಕಾಗುತ್ತಿದ್ದದ್ದು ಇಂಥ ಒಂದು ಆಸ್ಪತ್ರೆಯ ಹಾಸಿಗೆಯೇ. ಆ ವಾರಗಳಲ್ಲಿ ರಜೆಗೆಂದು ಅಲ್ಲಿಗೆ ಹೋಗುವುದು ತಪ್ಪಾಗಿತ್ತು ಎಂದೇ ನಾನು ಹೇಳುತ್ತೇನೆ. ಪುಟ್ಟ ರಾಜ್ಯವೊಂದರ ಹಾಸಿಗೆಗಳನ್ನು ಅಲ್ಲಿನವರೊಂದಿಗೆ ಹಂಚಿಕೊಳ್ಳಲು ಹೋಗುವಷ್ಟು ತುರ್ತು ಯಾವ ರಜೆಗೂ ಇರುವುದಿಲ್ಲ.

ಮುಂದೆ ಅಂಥ ಕಾಲ ಬಂದರೆ, ಅಲೆ ಇಳಿದ ಮೇಲೆ, ಲಸಿಕೆ ಹಾಕಿಸಿಕೊಂಡು ಹೋಗಿ. ಬುಕ್ ಮಾಡುವ ಮುನ್ನ ಫೋನ್ ಹಚ್ಚಿ ಕೇಳಿ: ಸಿಬ್ಬಂದಿ ಕ್ಯಾಂಪಸ್ಸಿನಲ್ಲೇ ಇರುತ್ತಾರೋ, ದಿನಾ ಓಡಾಡುತ್ತಾರೋ? ಒಂದು ಕೋಣೆಗೆ ಎಷ್ಟು ಜನ? ಅವರಿಗೆ ಲಸಿಕೆ ಆಗಿದೆಯೇ? ಜ್ವರ ಬಂದವರಿಗೆ ಸಂಬಳ ಸಹಿತ ರಜೆ ಇದೆಯೇ? ಸಂಬಳ ಕಡಿತವಾಗುತ್ತದೆ ಎಂದಾದರೆ ಯಾರೂ ಜ್ವರವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಊಟದ ಮನೆ ತೆರೆದ ಜಾಗದಲ್ಲಿದೆಯೇ, ಕಾಯಿಲೆ ಬಿದ್ದರೆ ಹಣ ವಾಪಸ್ ಬರುತ್ತದೆಯೇ ಎಂದೂ ತಿಳಿದುಕೊಳ್ಳಿ. ಹಣ ಹೋಗುತ್ತದೆಂಬ ಭಯಕ್ಕೆ ಕೆಮ್ಮುತ್ತಲೇ ಪ್ರಯಾಣ ಹೊರಡುವವರು ಇದ್ದೇ ಇರುತ್ತಾರೆ. ವಾರ್ಕಾ, ಕಾವೆಲೊಸಿಂ ಕಡೆ ಉಳಿಯುವುದಾದರೆ ಮಡಗಾಂವ್ ಹತ್ತಿರ. ಗೋವಾದ ಮೊದಲ ಕೋವಿಡ್ ಆಸ್ಪತ್ರೆಯಾಗಿದ್ದ ಇಎಸ್‌ಐ ಆಸ್ಪತ್ರೆ ಇರುವುದೂ ಅಲ್ಲೇ. ಆ ಹೊತ್ತಿಗೆ ಅಲ್ಲಿ ಹಾಸಿಗೆ ಖಾಲಿ ಇದೆಯೇ ಎಂಬುದನ್ನು ಹುಬ್ಬಳ್ಳಿಯಲ್ಲಿದ್ದಾಗಲೇ ವಿಚಾರಿಸಿಕೊಂಡು ಹೊರಡಿ.